ಗಂಟೆಗೆ ಐದು ರೂಪಾಯಿಯ ಮಮತೆ

ಮಗು ನೋಡಿಕೊಳ್ಳೋಕೆ ಏನು ಬೇಕು ಅಂತ ಯಾರನ್ನು ಬೇಕಾದರೂ ಕೇಳಿ ನೋಡಿ. "ಪ್ರೀತಿ ಇದ್ದರೆ ಸಾಕು" ಅಂತಾರೆ. ಕಿವಿಗೆ ಹಿತವಾದ ಈ ಮಾತು ನಮ್ಮ ಕಾಲದ ದೊಡ್ಡ ಮೋಸಗಳಲ್ಲಿ ಒಂದು. ಹೀಗೆ ಹೇಳುವವರು ತಮ್ಮ ಕಾರು ಓಡಿಸುವವನಿಗೆ, ಹಲ್ಲು ಕೀಳುವ ಡಾಕ್ಟರಿಗೆ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ಬರೆಯುವವರಿಗೆ ಪ್ರೀತಿ ಸಾಕು ಅಂದಿದ್ದನ್ನು ನಾನಂತೂ ಕೇಳಿಲ್ಲ. ಅಲ್ಲೆಲ್ಲ ಕೆಲಸ ಗೊತ್ತಿರಬೇಕು, ಗೊತ್ತಿದ್ದವರಿಗೆ ತಕ್ಕ ದುಡ್ಡು ಕೊಡಬೇಕು. ಹತ್ತು ತಿಂಗಳ ಕೂಸನ್ನು ದಿನಕ್ಕೆ ಹತ್ತು ತಾಸು ನೋಡಿಕೊಳ್ಳುವವಳಿಗೆ ಮಾತ್ರ ಪ್ರೀತಿ ಸಾಕು!

ಇದನ್ನು ಗಾಳಿಯಲ್ಲಿ ಹೇಳುತ್ತಿಲ್ಲ. ನಮ್ಮೂರು ಮಸ್ಕಿ, ರಾಯಚೂರು ಜಿಲ್ಲೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವಾಗ ನಡುವೆ ಬರುತ್ತೆ. ಅಶೋಕನ ಹೆಸರೇ ಬರೆದಿರುವ ಶಾಸನ 1915ರಲ್ಲಿ ಸಿಕ್ಕ ಊರು ಅಂತ ನೀವೂ ಶಾಲೆಯಲ್ಲಿ ಓದಿರುತ್ತೀರಿ. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಒಂಬತ್ತು ವರ್ಷವಾಯಿತು. ಊರಲ್ಲೇ ಇರುವ ನಮ್ಮ ಅತ್ತಿಗೆ ಮನೆಯ ಪಡಸಾಲಿಯಲ್ಲಿ ಐದು ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಶುರು ಮಾಡಿ ಎರಡು ವರ್ಷ. ಬೋರ್ಡಿಲ್ಲ, ಹೆಸರಿಲ್ಲ. ಓಣಿಯವರು "ಕೂಸು ಬಿಡೋ ಮನಿ" ಅಂತಾರೆ. ಆ ಮನೆ ಸಜ್ಜು ಮಾಡುವಾಗ ವರ್ಕ್ ಫ್ರಮ್ ಹೋಮ್ ಹಾಕಿಸಿಕೊಂಡು ಒಂದು ತಿಂಗಳು ನಾನೂ ಜೊತೆಗಿದ್ದೆ.

ಮಸ್ಕಿಯಂಥ ಊರಲ್ಲಿ ಡೇಕೇರ್ ಯಾರಿಗೆ ಬೇಕು ಅನ್ನುವವರಿದ್ದಾರೆ. ಅಲ್ಲೆಲ್ಲ ಅಜ್ಜಿ ಇರ್ತಾರಲ್ಲ, ಅತ್ತೆ ಇರ್ತಾರಲ್ಲ, ಕೂಡು ಕುಟುಂಬ ಅಲ್ವಾ ಅಂತ. ಸ್ವಾಮಿ, ನೀವು ನೋಡಿದ್ದು ಸೀರಿಯಲ್ಲು. ಲಿಂಗಸುಗೂರು ತಾಲೂಕಿನ ಒಂದು ಊರಾಗಿದ್ದ ಮಸ್ಕಿ ಈಗ ತಾನೇ ತಾಲೂಕು. ತಾಲೂಕಾದ ಮೇಲೆ ಕಚೇರಿಗಳು ಬಂದವು, ವರ್ಗವಾಗಿ ನೌಕರರು ಬಂದರು. ಹಾಗೆ ಬಂದವರಿಗೆ ಈ ಊರಲ್ಲಿ ಅವ್ವನೂ ಇಲ್ಲ, ಅತ್ತೆಯೂ ಇಲ್ಲ. ಊರಿನವರೇ ಆದವರ ಅವ್ವಂದಿರು ಮನೆಯಲ್ಲಿ ಕೂತಿದ್ದಾರೆಯೇ ಅಂದರೆ ಅದೂ ಇಲ್ಲ. ಭತ್ತದ ನಾಟಿ ಹೊತ್ತಿಗೆ ನಸುಕಿನಲ್ಲೇ ಟಂಟಂ ಹತ್ತಿ ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಗಳಿಗೆ ಹೋಗುತ್ತಾರೆ. ಹತ್ತಿ ಬಿಡಿಸುವಾಗ ಇನ್ನೊಂದು ಕಡೆ. ಅಜ್ಜಿಗೂ ಕೂಲಿ ಇದೆ, ಅಜ್ಜಿಗೂ ಮಂಡಿನೋವಿದೆ. ಮತ್ತೆ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಗುಳೆ ಹೋಗಿ ನಿಮ್ಮ ಬೆಂಗಳೂರಿನ ಕಟ್ಟಡ ಕಟ್ಟುವವರೂ ನಮ್ಮ ಕಡೆಯವರೇ.

ಅತ್ತಿಗೆಯ ಹತ್ತಿರ ಬಿಡುವ ಐದು ಕೂಸುಗಳಲ್ಲಿ ಎರಡು ಶಿಕ್ಷಕಿಯರವು, ಒಂದು ನರ್ಸ್ ಅಕ್ಕನದು, ಒಂದು ಬ್ಯಾಂಕ್ ನೌಕರರದು, ಒಂದು ಹೊಲಕ್ಕೆ ಹೋಗುವ ಓಣಿಯ ಹೆಣ್ಣುಮಗಳದು. ಎಲ್ಲವೂ ಮೂರು ವರ್ಷದೊಳಗಿನವು.

ಈ ಕೆಲಸಕ್ಕೆ ಮನೆ ಸಜ್ಜು ಮಾಡೋದು ಅಂದಾಗ ಬಂದ ಸಲಹೆಗಳನ್ನು ನೀವು ಕೇಳಬೇಕಿತ್ತು. ಗೋಡೆ ಮೇಲೆ ಮಿಕ್ಕಿ ಮೌಸ್ ಬರೆಸು. ಎ ಬಿ ಸಿ ಡಿ ಚಾರ್ಟ್ ಹಚ್ಚು. ಬಣ್ಣದ ಫೋಮ್ ಮ್ಯಾಟ್ ತರಿಸು. ಇಂಗ್ಲಿಷ್ ಹೆಸರಿಡು. ಎಲ್ಲಕ್ಕಿಂತ ಮೊದಲು ಕ್ಯಾಮೆರಾ ಹಾಕು. ಸಲಹೆ ಕೊಟ್ಟವರಲ್ಲಿ ನನ್ನ ಆಫೀಸಿನ ಗೆಳೆಯರೂ ಇದ್ದರು. ಇವೆಲ್ಲ ಯಾರಿಗಾಗಿ? ಎಂಟು ತಿಂಗಳ ಕೂಸಿಗೆ ಮಿಕ್ಕಿ ಮೌಸ್ ಕಟ್ಟಿಕೊಂಡು ಏನಾಗಬೇಕು? ಅವು ಬಾಗಿಲಲ್ಲಿ ನಿಂತು ನೋಡುವ ಅಪ್ಪ ಅಮ್ಮಂದಿರಿಗೆ. ದುಡ್ಡು ಕೊಟ್ಟಿದ್ದಕ್ಕೆ ಕಣ್ಣಿಗೆ ಏನಾದರೂ ಕಾಣಬೇಕಲ್ಲ.

ಕೂಸಿನ ಕಡೆಯಿಂದ ಮನೆ ನೋಡಬೇಕಾದರೆ ನೆಲದ ಮೇಲೆ ಅಂಬೆಗಾಲಿಟ್ಟು ನೋಡಬೇಕು. ನಾನೂ ಅತ್ತಿಗೆಯೂ ಅದನ್ನೇ ಮಾಡಿದೆವು. ನಗಬೇಡಿ, ಹಾಗೆ ನೋಡಿದಾಗಲೇ ಗೊತ್ತಾಗಿದ್ದು. ನಮ್ಮ ಕಡೆ ಬೆಳೆಗೆ ಹೊಡೆಯುವ ಕ್ರಿಮಿನಾಶಕಕ್ಕೆ ಎಣ್ಣಿ ಅಂತಾರೆ. ಒಕ್ಕಲುತನದ ಮನೆ ಅಂದಮೇಲೆ ಎಣ್ಣಿ ಡಬ್ಬಿ ಎಲ್ಲಿರುತ್ತೆ? ಮಂಚದ ಕೆಳಗೆ, ಬಚ್ಚಲ ಮೂಲೆಯಲ್ಲಿ, ಬೀಜದ ಚೀಲದ ಹಿಂದೆ. ಮೊದಲು ಹೋಗಬೇಕಾಗಿದ್ದು ಅದು. ಅಣ್ಣ ಹೊಲದ ಶೆಡ್ಡಿಗೆ ಒಯ್ದು ಬೀಗ ಹಾಕಿದ. ಎರಡನೆಯದು ನೀರು. ನಮ್ಮೂರಲ್ಲಿ ನಳ ದಿನಾ ಬರೋದಿಲ್ಲ, ಹಾಗಾಗಿ ಮನೆ ತುಂಬ ಬಕೆಟ್ಟು, ಕೊಡ, ಡ್ರಮ್ಮು. ಕೂಸು ಮುಳುಗೋಕೆ ಬಾವಿ ಬೇಕಿಲ್ಲ, ಗೇಣುದ್ದ ನೀರಿರುವ ಬಕೆಟ್ ಸಾಕು. ಎಲ್ಲದಕ್ಕೂ ಮುಚ್ಚಳ, ಸಂಪಿನ ಮುಚ್ಚಳಕ್ಕೆ ಬೀಗ, ಬಚ್ಚಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕ. ಮೂರನೆಯದು ಅಡುಗೆಮನೆ ಬಾಗಿಲಿಗೆ ಸೊಂಟದೆತ್ತರದ ಗೇಟು. ಓಣಿಯ ವೆಲ್ಡಿಂಗ್ ಅಂಗಡಿಯವನು ಮಾಡಿಕೊಟ್ಟ. ಕಂಬಿ ಸಂದಿನಲ್ಲಿ ಕೂಸಿನ ತಲೆ ತೂರದ ಹಾಗೆ ಅಂತ ಎರಡು ಸಲ ಬಿಚ್ಚಿಸಿ ಮಾಡಿಸಿದೆವು.

ಆಮೇಲೆ ಶೇಂಗಾ, ಪುಟಾಣಿ. ನಮ್ಮ ಕಡೆ ಮನೆಗೆ ಬಂದವರೆಲ್ಲ ಕೂಸಿನ ಕೈಗೆ ಒಂದು ಕಾಳು ಇಡೋದು ರೂಢಿ. ಸಣ್ಣ ಮಕ್ಕಳ ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುವುದರಲ್ಲಿ ಶೇಂಗಾಕಾಳು ಮುಂದೆ. ಪಡಸಾಲಿಯಲ್ಲಿ ಕಾಳು ಕೂಡದು ಅಂತ ಕಟ್ಟುನಿಟ್ಟು ಮಾಡಿದಾಗ ನಮ್ಮ ದೊಡ್ಡವ್ವನೇ, "ಏನವ್ವಾ, ನಾವ್ ಮಕ್ಕಳನ್ನ ಸಾಕಿಲ್ಲೇನು?" ಅಂತ ಮುನಿಸಿಕೊಂಡರು. ಸಾಕಿದ್ದೀರಿ ದೊಡ್ಡವ್ವ. ಆದರೆ ಇವು ಊರವರ ಮಕ್ಕಳು, ಸಂಜೆ ಎಣಿಸಿ ಒಪ್ಪಿಸಬೇಕು. ಅದೇ ನೋಡಿ ವ್ಯತ್ಯಾಸ. ಮನೆಯವರ ಕಣ್ಣಳತೆಯ ಲೆಕ್ಕ ಇಲ್ಲಿ ನಡೆಯೋದಿಲ್ಲ. ಅದಕ್ಕೇ ಒಂದು ನೋಟ್‌ಬುಕ್: ಬಂದ ಹೊತ್ತು, ಹೋದ ಹೊತ್ತು, ಕರೆದೊಯ್ದವರು ಯಾರು, ಉಂಡಿದ್ದೇನು, ಜ್ವರ ಇತ್ತಾ, ಔಷಧ ಕೊಟ್ಟಿದ್ದರೆ ಯಾರು ಹೇಳಿದ್ದು. ಗೋಡೆಯ ಮೇಲೆ ಎ ಬಿ ಸಿ ಡಿ ಬದಲು 108, ಹತ್ತಿರದ ಡಾಕ್ಟರ ನಂಬರು, ಐದೂ ಮನೆಗಳ ಎರಡೆರಡು ನಂಬರು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲು, ಟಿವಿ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಹಾಗಾಗಿ ಟಿವಿ ಅಣ್ಣನ ಕೋಣೆಗೆ ಹೋಯಿತು. ಸೂಕ್ಷ್ಮ ಕೂಸುಗಳನ್ನು ಅಂಗಾತ ಮಲಗಿಸೋದು, ಮುಖದ ಹತ್ತಿರ ದಿಂಬು ಇಡದಿರೋದು, ಗಂಟಲಿಗೆ ಏನಾದರೂ ಸಿಕ್ಕರೆ ಬೋರಲು ಹಿಡಿದು ಬೆನ್ನು ತಟ್ಟೋದು, ಇವನ್ನೆಲ್ಲ ಅತ್ತಿಗೆ ನರ್ಸ್ ಅಕ್ಕನ ಹತ್ತಿರ ಕೂತು ಕಲಿತರು.

ಇದೆಲ್ಲ ಪ್ರೀತಿಯಾ? ಹೌದು, ಪ್ರೀತಿಯೂ ಇದೆ. ಆದರೆ ಇದಕ್ಕೆ ಸರಿಯಾದ ಹೆಸರು ಕೆಲಸ.

ಗೇಟಿಗಿಂತ ಗಟ್ಟಿಯಾದ ಇನ್ನೊಂದು ಬಾಗಿಲಿತ್ತು. ಕೂಸು ಬಿಡಲು ವಿಚಾರಿಸಿದವರಲ್ಲಿ ಅರ್ಧ ಜನ ಮೊದಲು ಕೇಳಿದ್ದು ಎಣ್ಣಿ ಡಬ್ಬಿಯ ಬಗ್ಗೆ ಅಲ್ಲ, ಗೇಟಿನ ಬಗ್ಗೆ ಅಲ್ಲ. "ಬೇರೆ ಯಾರ ಯಾರ ಮಕ್ಕಳು ಬರ್ತಾವ್ರೀ?" ಈ ಪ್ರಶ್ನೆಯ ಅರ್ಥ ನಿಮಗೂ ಗೊತ್ತು. ಅತ್ತಿಗೆಯ ಉತ್ತರ ಒಂದೇ: "ಸಣ್ಣ ಮಕ್ಕಳು ಬರ್ತಾವ್ರೀ. ಎಲ್ಲಾರಿಗೂ ಒಂದೇ ಬೋಗುಣಿ ಅನ್ನ-ಬ್ಯಾಳಿ." ಇಬ್ಬರು ಅಷ್ಟು ಕೇಳಿ ವಾಪಸ್ ಹೋದರು. ಹೋಗಲಿ ಬಿಡಿ. ಮನೆ ಸಜ್ಜು ಮಾಡುವ ಪಟ್ಟಿಯಲ್ಲಿ ಒಂದೇ ಬೋಗುಣಿ ಅನ್ನೋದೂ ಒಂದು ಸಾಮಾನು. ಅದು ಅಮೆಜಾನಿನಲ್ಲಿ ಸಿಗೋದಿಲ್ಲ.

ಈಗ ದುಡ್ಡಿಗೆ ಬರೋಣ. ನಾಲ್ಕು ಮನೆಗಳಿಂದ ತಿಂಗಳಿಗೆ ಎರಡೆರಡು ಸಾವಿರ. ಕೂಲಿಗೆ ಹೋಗುವ ತಾಯಿಯಿಂದ ಒಂದು ಸಾವಿರ. ಒಟ್ಟು 9,000. ಹಾಲು, ಗ್ಯಾಸು, ಸಾಬೂನು, ನಮ್ಮೂರ ಬಿಸಿಲಿಗೆ ಕೂಲರಿನ ಕರೆಂಟು ಎಲ್ಲ ಸೇರಿ 2,000. ಉಳಿದಿದ್ದು 7,000. ತಿಂಗಳಿಗೆ 26 ದಿನ, ದಿನಕ್ಕೆ ಹತ್ತು ತಾಸು. ಅಂದರೆ ಗಂಟೆಗೆ 27 ರೂಪಾಯಿ. ಐದು ಮಕ್ಕಳಿಗೆ ಹಂಚಿದರೆ ಒಂದು ಕೂಸನ್ನು ಒಂದು ತಾಸು ಜೀವಂತವಾಗಿ, ಹೊಟ್ಟೆ ತುಂಬಿ, ನಗುನಗುತ್ತಾ ಇಟ್ಟಿದ್ದಕ್ಕೆ ಐದು ರೂಪಾಯಿ ಚಿಲ್ಲರೆ. ಬೆಂಗಳೂರಿನ ಮಾಲಿನಲ್ಲಿ ಒಂದು ತಾಸು ಸ್ಕೂಟರ್ ನಿಲ್ಲಿಸಲು ನಾನು ಇದಕ್ಕಿಂತ ಜಾಸ್ತಿ ಕೊಡುತ್ತೇನೆ. ಆ ಸ್ಕೂಟರ್ ಅಳೋದೂ ಇಲ್ಲ, ಹೇಲೋದೂ ಇಲ್ಲ.

ಇನ್ನೊಂದು ಲೆಕ್ಕ ಹಾಕಿ. ದಿನಕ್ಕೆ ಅತ್ತಿಗೆಗೆ ಉಳಿದಿದ್ದು 269 ರೂಪಾಯಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಅದೇ ಖಾತ್ರಿ ಕಾಯ್ದೆ, 2005ರದ್ದು, ಒಂದು ಒಳ್ಳೆಯ ಮಾತು ಹೇಳಿತ್ತು: ಕೆಲಸದ ಜಾಗಕ್ಕೆ ಹೆಣ್ಣಾಳುಗಳ ಜೊತೆ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚು ಬಂದರೆ, ಆ ಹೆಂಗಸರಲ್ಲೇ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು. ಮಣ್ಣು ಹೊತ್ತವಳಿಗೂ ಕೂಸು ಹೊತ್ತವಳಿಗೂ ಒಂದೇ ಕೂಲಿ. ನೆಲದ ಮೇಲೆ ಇದು ಎಷ್ಟು ಜಾರಿಯಾಯಿತು ಅನ್ನೋದು ಬೇರೆ ಮಾತು. ಆದರೆ ಸರ್ಕಾರಿ ಕಾಗದದಲ್ಲಿ ಕೂಸು ನೋಡಿಕೊಳ್ಳುವುದನ್ನು ಕೂಲಿ ಅಂತ ಒಪ್ಪಿಕೊಂಡ ಅಪರೂಪದ ಸಾಲು ಅದು. ಓದು ಬರಹ ಬಲ್ಲ ನಾವು ಅಷ್ಟನ್ನೂ ಒಪ್ಪೋದಿಲ್ಲ.

ಮಿಕ್ಕ ಕಾನೂನುಗಳನ್ನು ನೋಡಿ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನಾ ಕೋಣೆ ಬೇಕು ಅಂದಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ಅಂದಿತು. ಅಂದರೆ ಮಕ್ಕಳಿಗೆ ತಾಯಿ ಮಾತ್ರ ಇರುತ್ತಾಳೆ, ತಂದೆ ಆಕಾಶದಿಂದ ಉದುರಿದವನು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು ರಜೆ 26 ವಾರಕ್ಕೆ ಏರಿತು, ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಕ್ರೆಷ್ ಕಡ್ಡಾಯವಾಯಿತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು ಅಂತಲೂ ಆಯಿತು. ನಾವೆಲ್ಲ ಸ್ಟೇಟಸ್ ಹಾಕಿ ಸಂಭ್ರಮಿಸಿದೆವು. 49 ಜನ ಇರುವ ಕಡೆ? ಐದು ಜನರಿರುವ ಬ್ಯಾಂಕ್ ಶಾಖೆ, ಮೂವರಿರುವ ಹಳ್ಳಿ ಶಾಲೆ, ಒಬ್ಬರೇ ನರ್ಸ್ ಇರುವ ಉಪಕೇಂದ್ರ? ಅಲ್ಲಿಯ ಕೂಸುಗಳು ಲೆಕ್ಕಕ್ಕೇ ಇಲ್ಲ.

ಅಂಗನವಾಡಿ ಇದೆಯಲ್ಲ ಅಂತೀರಿ. ಇದೆ, ಮತ್ತು ಅದರ ಬಗ್ಗೆ ನನಗೆ ಗೌರವವೂ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದಿದ್ದು ಟಿ. ನರಸೀಪುರ. ಅಲ್ಲಿಂದ ಇಲ್ಲಿಗೆ ಅದು ಬೆಳೆದಿದ್ದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಕೂತು ಕಲಿಯೋದು ಮೂರರಿಂದ ಆರು ವರ್ಷದವರು. ಅದಕ್ಕಿಂತ ಸಣ್ಣವರಿಗೆ ಸಿಗೋದು ಮನೆಗೆ ಒಯ್ಯುವ ಆಹಾರ. ಅಲ್ಲಿ ದುಡಿಯುವವರ ಸಂಬಳವನ್ನು ಸರ್ಕಾರ ಇವತ್ತಿಗೂ ಗೌರವಧನ ಅನ್ನುತ್ತೆ. ನಿಮ್ಮ ಕಂಪನಿ ತಿಂಗಳ ಕೊನೆಗೆ ಗೌರವಧನ ಹಾಕಿದರೆ ನೀವು ಸುಮ್ಮನಿರುತ್ತೀರಾ?

2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಹೆಸರೇ ಎಷ್ಟು ಚೆಂದ ನೋಡಿ. ಕೂಲಿಕಾರ ತಾಯಂದಿರ ಮಕ್ಕಳಿಗೆ ಊರಲ್ಲೇ ಜಾಗ ಅನ್ನುವ ಆಲೋಚನೆಗೆ ಕೈಮುಗಿಯುತ್ತೇನೆ. ಆದರೆ ಅಲ್ಲಿಯ ಆರೈಕೆದಾರರ ಕೂಲಿಯನ್ನು ಖಾತ್ರಿಯ ನೂರು ದಿನದ ಲೆಕ್ಕಕ್ಕೆ ಕಟ್ಟಿದರು. ಒಬ್ಬಳ ನೂರು ದಿನ ಮುಗಿದರೆ ಇನ್ನೊಬ್ಬಳು. ಕೂಸಿಗೆ ಗೊತ್ತಾಗೋದು ಯೋಜನೆಯಲ್ಲ, ಒಂದು ಮಡಿಲಿನ ವಾಸನೆ, ಒಂದು ದನಿ. ಅದೇ ಬದಲಾಗುತ್ತಾ ಹೋದರೆ ಏನು ಬಂತು? ಇನ್ನು ಮಸ್ಕಿ ಪುರಸಭೆ ಇರುವ ಊರು. ಗ್ರಾಮ ಪಂಚಾಯಿತಿಯ ಯೋಜನೆ ನಮ್ಮ ಊರಿನ ಗಡಿಕಲ್ಲಿನ ಹತ್ತಿರ ನಿಂತುಬಿಡುತ್ತೆ.

ಮನೆಯಲ್ಲೇ ನಡೆಯುವ ಆರೈಕೆಯೂ ಒಂದು ವ್ಯವಸ್ಥೆ ಅಂತ ಕೇಂದ್ರ ಸರ್ಕಾರದ 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಹೆಸರಿಸಿಯೇ ಹೇಳಿದೆ. ಹೆಸರಿಸಿ ಅಲ್ಲಿಗೇ ಬಿಟ್ಟಿದೆ. ಆಮೇಲೆ ಬಂದ ಖಾಸಗಿ ಪ್ಲೇ ಸ್ಕೂಲ್ ಮಾರ್ಗಸೂಚಿಗಳು ಮೂರು ವರ್ಷ ಮೇಲ್ಪಟ್ಟವರ ಶಾಲೆಯನ್ನು ಮನಸ್ಸಲ್ಲಿಟ್ಟು ಬರೆದವು: ಕಾಂಪೌಂಡು, ಕ್ಯಾಮೆರಾ, ಇಪ್ಪತ್ತು ಮಕ್ಕಳಿಗೊಬ್ಬ ಶಿಕ್ಷಕಿ, ಒಬ್ಬ ಸಹಾಯಕಿ. ಪಡಸಾಲಿಯಲ್ಲಿ ಐದು ಕೂಸು ನೋಡಿಕೊಳ್ಳುವವಳು ಈ ಅಂಗಿಗೆ ಹೊಂದೋದಿಲ್ಲ. ಹೊಂದದಿದ್ದರೆ ಅಂಗಿ ಹೊಲಿದವರದೇ ತಪ್ಪು.

ಬೇರೆ ಕಡೆ ಹೊಲಿದಿದ್ದಾರೆ. ಜರ್ಮನಿಯಲ್ಲಿ ಒಬ್ಬಾಕೆ ತನ್ನ ಮನೆಯಲ್ಲಿ ಒಂದು ಹೊತ್ತಿಗೆ ಐದು ಮಕ್ಕಳವರೆಗೆ ನೋಡಿಕೊಳ್ಳಬಹುದು, ಅದಕ್ಕೆ ಪರವಾನಗಿ ಇದೆ. ಡೆನ್ಮಾರ್ಕಿನಲ್ಲಿ ಪುರಸಭೆಯೇ ಇಂಥವರನ್ನು ನೌಕರರನ್ನಾಗಿ ತಗೊಳ್ಳುತ್ತೆ. ಅವರು ತಮ್ಮ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಅವರಿಗೆ ಹುಷಾರಿಲ್ಲದ ದಿನ ಮಕ್ಕಳಿಗೆ ಇನ್ನೊಂದು ಮನೆ ಗೊತ್ತಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಕಾನೂನು ತಂದು, ಲೈಸೆನ್ಸ್ ಇರುವ ಮನೆ ಡೇಕೇರ್ ದೊಡ್ಡದಾಗಿದ್ದರೂ ಅದನ್ನು ವಾಸದ ಬಳಕೆ ಅಂತಲೇ ಕಾಣಬೇಕು ಅಂದರು. ಅಲ್ಲಿರುವ ನಿಮ್ಮ ಅಕ್ಕನನ್ನೋ ಭಾವನನ್ನೋ ಕೇಳಿ, ಹೇಳುತ್ತಾರೆ. ನಮ್ಮ ಬೆಂಗಳೂರಿನಲ್ಲಿ ನನ್ನ ಗೆಳತಿ ಫ್ಲಾಟಿನಲ್ಲಿ ನಾಲ್ಕು ಮಕ್ಕಳನ್ನು ಇಟ್ಟುಕೊಂಡಾಗ ಅಸೋಸಿಯೇಷನ್ ನೋಟಿಸ್ ಕೊಟ್ಟಿತು: ವಾಣಿಜ್ಯ ಚಟುವಟಿಕೆ ನಿಷಿದ್ಧ. ನೋಟಿಸ್‌ಗೆ ಸಹಿ ಹಾಕಿದ ಮಹಾಶಯರು ಅದೇ ಕಟ್ಟಡದಲ್ಲಿ ಮನೆಯಿಂದಲೇ ಕನ್ಸಲ್ಟೆನ್ಸಿ ನಡೆಸುತ್ತಾರೆ. ಲ್ಯಾಪ್‌ಟಾಪ್ ಅಳೋದಿಲ್ಲ ಅನ್ನೋದೊಂದೇ ವ್ಯತ್ಯಾಸ.

"ಕಾನೂನು ಬಂದರೆ ಇನ್‌ಸ್ಪೆಕ್ಟರ್ ಬರ್ತಾನೆ, ಲಂಚ ಬರುತ್ತೆ" ಅನ್ನುವ ವಾದ ನನಗೂ ಗೊತ್ತು. ಲಂಚ ಬರುತ್ತೆ ಅಂತ ನಾವು ಡ್ರೈವಿಂಗ್ ಲೈಸೆನ್ಸ್ ಬೇಡ ಅಂದೆವಾ? ನಾನು ಕೇಳುತ್ತಿರುವುದು ಸಣ್ಣದು. ಪುರಸಭೆಯಲ್ಲಿ ಒಂದು ಪುಟದ ನೋಂದಣಿ. ಐದೇ ಮಕ್ಕಳ ಮಿತಿ. ಒಂದು ವಾರದ ಪ್ರಥಮ ಚಿಕಿತ್ಸೆ ತರಬೇತಿ. ತಿಂಗಳಿಗೊಮ್ಮೆ ಬಂದು ಮನೆ ನೋಡಿ, ಕೂಸಿನ ತೂಕ ಹಾಕಿ, ಸಲಹೆ ಕೊಟ್ಟು ಹೋಗುವ ಒಬ್ಬರು. ಬಡ ತಾಯಿಯ ಪಾಲಿನ ಫೀಸಿನ ಅರ್ಧ ಸರ್ಕಾರದ್ದು. ಇಷ್ಟಕ್ಕೆ ಹೊಸ ಕಟ್ಟಡವೂ ಬೇಡ, ಶಂಕುಸ್ಥಾಪನೆಯೂ ಬೇಡ. ಬಹುಶಃ ಅದಕ್ಕೇ ಯಾರಿಗೂ ಬೇಡವಾಗಿದೆಯೇನೋ.

ಆದರೆ ಸರ್ಕಾರವನ್ನು ಬೈದು ಕೈತೊಳೆದುಕೊಂಡರೆ ಈ ಬರಹ ಅರ್ಧವೇ. ಉಳಿದರ್ಧ ನಿಮ್ಮದು, ನನ್ನದು. ಹೋದ ವರ್ಷ ಅತ್ತಿಗೆಗೆ ಡೆಂಗಿ ಆಗಿ ಎಂಟು ದಿನ ಮಲಗಿದರು. ಐದು ಮನೆಗಳ ಕೆಲಸ ನಿಂತಿತು. ಕೂಲಿಯ ತಾಯಿ ದಿನಾ ಸಂಜೆ ಬಂದು ಭಾಂಡೆ ತಿಕ್ಕಿಕೊಟ್ಟು ಹೋದಳು, ತಿಂಗಳ ಕೊನೆಗೆ ಪೂರ್ತಿ ಸಾವಿರ ತಂದಿಟ್ಟಳು. ಬ್ಯಾಂಕ್ ನೌಕರರು ಎಂಟು ದಿನದ ದುಡ್ಡು ಮುರಿದುಕೊಂಡು ಕೊಟ್ಟರು, "ಲೆಕ್ಕ ಲೆಕ್ಕಾನೇ ಅಲ್ರೀ ಅಕ್ಕಾ" ಅಂತ. ಅವರಿಗೆ ಜ್ವರ ಬಂದರೆ ಸಂಬಳ ಸಮೇತ ರಜೆ ಇದೆ. ಆ ಎಂಟು ದಿನದಲ್ಲಿ ಅವರ ಹೆಂಡತಿಯೇ ರಜೆ ಹಾಕಿದ್ದು, ಅವರಲ್ಲ. ಇದರಲ್ಲೂ ಅಚ್ಚರಿಯಿಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆ ಮಾಡುವ 15ರಿಂದ 59 ವರ್ಷದ ಹೆಂಗಸರು ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು ಕೊಟ್ಟಿದ್ದು 74 ನಿಮಿಷ. ಇದು ಆರೈಕೆ ಮಾಡಿದೆವು ಅಂದ ಗಂಡಸರ ಲೆಕ್ಕ, ಮುಟ್ಟದವರದ್ದು ಸೇರಿಲ್ಲ.

ಬೆಂಗಳೂರಿನ ಓದುಗರೇ, ನಿಮ್ಮ ಕೂಸನ್ನು ಎತ್ತಿಕೊಂಡಿರುವ ಆಯಮ್ಮ ಯಾವ ಊರಿನವರು ಅಂತ ಒಮ್ಮೆ ಕೇಳಿ. ರಾಯಚೂರು, ಯಾದಗಿರಿ ಕಡೆಯ ಊರು ಅಂದರೆ ಆಶ್ಚರ್ಯ ಪಡಬೇಡಿ. ಅವರ ಕೂಸು ಎಲ್ಲಿದೆ ಅಂತಲೂ ಕೇಳಿ. ಊರಲ್ಲಿ ಅಜ್ಜಿಯ ಹತ್ತಿರ, ಇಲ್ಲವೇ ಶಾಲೆ ಬಿಟ್ಟ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ನಿಮ್ಮ ಮೀಟಿಂಗ್ ನಡೆಯೋದು ಆಯಮ್ಮನಿಂದ. ಆಯಮ್ಮನ ಕೆಲಸ ನಡೆಯೋದು ಆ ಹುಡುಗಿ ಬಿಟ್ಟ ಶಾಲೆಯಿಂದ. ನಿಮ್ಮ ಫೋನಿನ ಕ್ಯಾಮೆರಾ ಆಪ್‌ನಲ್ಲಿ ಅದು ಕಾಣೋದಿಲ್ಲ.

ಹಾಗಾದರೆ ಏನು ಮಾಡೋಣ? ಯಾರ ಮನೆಯಲ್ಲಿ ನಿಮ್ಮ ಮಗುವನ್ನು ಬಿಡುತ್ತೀರೋ ಅಲ್ಲಿ ಎಷ್ಟು ಮಕ್ಕಳು ಅಂತ ಕೇಳಿ, ಐದು ದಾಟಿದರೆ ಸಹಾಯಕ್ಕೆ ಇನ್ನೊಬ್ಬರು ಎಲ್ಲಿ ಅಂತ ಕೇಳಿ. ನೀರು, ಔಷಧ, ಗ್ಯಾಸು ಎಲ್ಲಿವೆ ಅಂತ ನೋಡಿ, ಗೋಡೆಯ ಚಿತ್ರ ನೋಡಬೇಡಿ. ವರ್ಷಕ್ಕೆ ಇಷ್ಟು ದಿನ ಸಂಬಳ ಸಮೇತ ರಜೆ ಅಂತ ಮೊದಲೇ ಕಾಗದದಲ್ಲಿ ಬರೆದುಕೊಡಿ. ನಿಮಗೆ ಇನ್‌ಕ್ರಿಮೆಂಟ್ ಆದ ತಿಂಗಳು ಅವರಿಗೂ ಮಾಡಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಮುಂದೆ ಬಂದರೆ ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಅವರ ಪರ ಮಾತಾಡಿ. ಮತ್ತೆ, ಅವರನ್ನು "ನಮ್ಮ ಮನೆಯವರ ಥರಾನೇ" ಅನ್ನೋದನ್ನು ದಯವಿಟ್ಟು ಬಿಡಿ. ಮನೆಯವರಿಗೆ ನಾವು ಸಂಬಳ ಕೊಡೋದಿಲ್ಲ ಅನ್ನೋದೇ ಆ ಮಾತಿನ ಒಳಗಿರುವ ಲೆಕ್ಕ.

ಅತ್ತಿಗೆ ಈ ಜೂನ್‌ನಿಂದ ಫೀಸು ಮೂರು ಸಾವಿರ ಮಾಡಿದ್ದಾರೆ. ಕೂಲಿಯ ತಾಯಿಗೆ ಮೊದಲಿನಷ್ಟೇ. ಬ್ಯಾಂಕ್ ನೌಕರರು ಜಾಸ್ತಿ ಆಯಿತು ಅಂತ ಬೇರೆ ಮನೆ ಹುಡುಕಿದರು, ಸಿಗಲಿಲ್ಲ. ಈಗ ಕೊಡುತ್ತಿದ್ದಾರೆ.